ಅತ್ತೆಯ ಬಿಸಿನೀರು, ನಮ್ಮವರ ಮದ್ದು

ಬಿಸಿ ರಬ್ಬರಿನ ವಾಸನೆ ಬಂದರೆ ನಿಮಗೇನು ನೆನಪಾಗುತ್ತದೋ ಗೊತ್ತಿಲ್ಲ, ನನಗಂತೂ ಮೈಯೆಲ್ಲ ಉರಿಯುತ್ತದೆ. ಇವತ್ತು ಬೆಳಗ್ಗೆ ಮೆಟ್ಟಿಲಿಳಿದು ಬರುತ್ತಿದ್ದಂತೆ ಅಡುಗೆಮನೆಯಿಂದ ಅದೇ ವಾಸನೆ. ಕೊಡಗಿನಿಂದ ಬಂದಿರುವ ನಮ್ಮತ್ತೆ ಬಿಸಿನೀರಿನ ಚೀಲಕ್ಕೆ ಕೆಟಲಿನಿಂದ ನೀರು ತುಂಬುತ್ತಿದ್ದರು. ಬಾಗಿಲ ಬಳಿ ನಮ್ಮವರ ಕೋವಿ, ತೋಟಾದ ಬ್ಯಾಗು ಹೊರಡಲು ಸಿದ್ಧವಾಗಿದ್ದವು. ಅಯ್ಯೋ ದೇವರೇ, ಮತ್ತೆ ಶುರುವಾಯಿತಲ್ಲ ಎಂದುಕೊಂಡೆ.

ನಮ್ಮವರಿಗೆ ರೈಫಲ್ಲಿನ ಹುಚ್ಚು. ಕಂಪ್ಯೂಟರ್ ಕೆಲಸ ಹೊಟ್ಟೆಪಾಡಿಗೆ, ಜೀವವೆಲ್ಲ ಅತ್ಲೋನ್ ಕಡೆಯ ಶೂಟಿಂಗ್ ರೇಂಜಿನಲ್ಲಿ. ಇಲ್ಲಿ ಐರ್ಲೆಂಡಿನಲ್ಲಿ ಮನೆಯಲ್ಲಿ ಕೂತು ತೋಟಾಗೆ ಮದ್ದು ತುಂಬುವಂತಿಲ್ಲ. ಕ್ಲಬ್ಬಿನ ಪರವಾನಗಿ ಪಡೆದ ಕೋಣೆಯಲ್ಲೇ ತುಂಬಬೇಕು. ತುಂಬುವುದು ಅಲ್ಲಿ, ಅದರ ಪ್ರವಚನ ಮಾತ್ರ ಕ್ಯಾಸಲ್‌ನಾಕಿನ ನಮ್ಮ ಮನೆಯ ಊಟದ ಮೇಜಿನಲ್ಲಿ. ಮದ್ದಿಗೆ ಬಿಸಿ ತಾಗಿದರೆ ಬೇಗ ಉರಿಯುತ್ತದಂತೆ, ಒತ್ತಡ ಏರುತ್ತದಂತೆ, ಗುಂಡು ಗುರಿಗಿಂತ ಮೇಲಕ್ಕೆ ಹೋಗುತ್ತದಂತೆ. ತಣ್ಣಗಾದರೆ ಕೆಳಕ್ಕೆ. ಎಲ್ಲ ಮದ್ದೂ ಒಂದೇ ಥರ ಅಲ್ಲ. ಕೆಲವಕ್ಕೆ ಚಳಿ, ಬಿಸಿಲು ಲೆಕ್ಕಕ್ಕೇ ಇಲ್ಲ, ಕೆಲವಕ್ಕೆ ಮೂಗಿನ ತುದಿಯಲ್ಲೇ ಕೋಪ. ಆಸ್ಪತ್ರೆಯ ಪಾಳಿ ಮುಗಿಸಿ ಬಂದು ಸಾರನ್ನ ಕಲೆಸಿಕೊಂಡು ಕೂತವಳಿಗೆ ಇದೆಲ್ಲ ಬೇಕೇ, ನೀವೇ ಹೇಳಿ.

ಎರಡು ವರ್ಷದ ಹಿಂದೆ ನಮ್ಮವರು ಆರಿಸಿಕೊಂಡಿದ್ದು ಆ ಕೋಪಿಷ್ಠ ಮದ್ದನ್ನೇ. ಕ್ಲಬ್ಬಿನ ಹಿರಿಯರೊಬ್ಬರು, ಈ ದೇಶದ ಹವೆಗೆ ಅದು ಆಗಿಬರುವುದಿಲ್ಲ ಎಂದು ಹೇಳಿದ್ದರಂತೆ. ಕೇಳಬೇಕಲ್ಲ. ಸಾಧು ಮದ್ದಿನಲ್ಲಿ ಗುಂಡುಗಳು ಒಂದಿಷ್ಟು ಚದುರುತ್ತವೆ, ಇದರಲ್ಲಾದರೆ ಒಂದರ ಪಕ್ಕ ಒಂದು ಅಂಟಿಕೊಂಡು ಬೀಳುತ್ತವೆ ಎಂದು ಇವರ ವಾದ.

“ಒಂದೇ ಹದದಲ್ಲಿ ತಣ್ಣಗೆ ಇಟ್ಕೊಂಡ್ರೆ ಸಾಕು ಕಣೆ, ಗ್ರ್ಯಾಂಡ್ ಆಗಿರುತ್ತೆ.”

“ನನ್ನನ್ನ ಯಾವತ್ತಾದ್ರೂ ಇಷ್ಟು ಹದವಾಗಿ ಇಟ್ಕೊಂಡಿದ್ದೀರಾ?” ಎಂದೆ. ಅವರು ಥರ್ಮಾಮೀಟರ್ ನೋಡುತ್ತಿದ್ದರು.

ಇಷ್ಟೆಲ್ಲ ಯಾಕೆಂದರೆ, ಕ್ಲಬ್ಬಿನ ತಂಡಕ್ಕೆ ಎರಡು ವರ್ಷಕ್ಕೊಮ್ಮೆ ಆಯ್ಕೆ. ಒಂದು ಸಲವಾದರೂ ಆ ತಂಡದಲ್ಲಿ ನಿಲ್ಲಬೇಕೆಂಬುದು ಇವರ ಬಹುದಿನದ ಆಸೆ. ಕಣ್ಣು ಆಗಲೇ ಕನ್ನಡಕ ಕೇಳಲು ಶುರುಮಾಡಿತ್ತು, ಇನ್ನೆಷ್ಟು ಅವಕಾಶ ಉಳಿದಿದೆ ಎಂಬ ಚಿಂತೆ ಬೇರೆ. ಹಿಂದಿನ ಆಯ್ಕೆಯ ಬೆಳಗ್ಗೆ ಕಾರಿನ ಗಾಜಿಗೆಲ್ಲ ಹಿಮ ಕಟ್ಟಿತ್ತು. ಆಗಲೂ ಅತ್ತೆ ನಮ್ಮಲ್ಲಿಗೆ ಬಂದಿದ್ದರು. ಇವರು ಹೊರಗೆ ಗಾಜು ಕೆರೆಯುತ್ತಿದ್ದ ಹೊತ್ತಿಗೆ ಅವರು ಬಿಸಿನೀರಿನ ಚೀಲವನ್ನು ಟವೆಲ್ಲಿನಲ್ಲಿ ಸುತ್ತಿ, ಬ್ಯಾಗಿನೊಳಗೆ ತೋಟಾದ ಡಬ್ಬಿಗೆ ಒತ್ತಿಟ್ಟುಬಿಟ್ಟರು. ಬಾಣಂತಿಗೆ ಶಾಖ ಕೊಟ್ಟ ಹಾಗೆ.

ಅವರ ಮಟ್ಟಿಗೆ ಅದು ತಪ್ಪೇ ಅಲ್ಲ. ಕೊಡಗಿನ ಮಳೆಗಾಲದಲ್ಲಿ ಮಾವನವರ ತೋಟಾಗೆ ಶೀತ ಹಿಡಿಯದಂತೆ ಅಡುಗೆಮನೆಯ ಬೆಚ್ಚನೆಯ ಗೂಡಿನಲ್ಲಿ ಇಟ್ಟು ಕಾಯುತ್ತಿದ್ದವರು ಅವರೇ.

ರೇಂಜಿನಲ್ಲಿ ಮೊದಲ ಗುಂಡುಗಳೆಲ್ಲ ಮೇಲಕ್ಕೆ ಹೋದವು. ಇವರು ಕೋವಿಯ ಮೇಲಿನ ದುರ್ಬೀನಿನ ತಿರುಪು ತಿರುಗಿಸಿ ಗುರಿಯನ್ನು ಸರಿಮಾಡಿಕೊಂಡರು. ಅಷ್ಟರಲ್ಲಿ ಚಳಿಗೆ ತೋಟಾಗಳು ತಣ್ಣಗಾಗಿ, ಉಳಿದವೆಲ್ಲ ಕೆಳಕ್ಕೆ ಬಿದ್ದವು. ಆಮೇಲೆ ಬ್ಯಾಗಿನ ತಳಕ್ಕೆ ಕೈಹಾಕಿದರೆ ಕೈಗೆ ಸಿಕ್ಕಿದ್ದು ಉಗುರುಬೆಚ್ಚಗಿನ ರಬ್ಬರ್ ಚೀಲ. ಆಯ್ಕೆ ತಪ್ಪಿತು.

ಮನೆಗೆ ಬಂದವರನ್ನು ಅತ್ತೆ ಬಾಗಿಲಲ್ಲೇ ಕೇಳಿದರು, “ಹೇಗಾಯ್ತು ಮಗ?”

“ಗ್ರ್ಯಾಂಡ್ ಅಮ್ಮ.”

“ನೋಡಿದ್ಯಾ? ತೋಟಾ ಬೆಚ್ಚಗಿರ್ಬೇಕು ಅಂತ ನಂಗೆ ಗೊತ್ತಿತ್ತು.”

ಆಮೇಲೆ ಕೊಡಗಿನ ನೆಂಟರಿಗೆಲ್ಲ ಫೋನು. ಐರ್ಲೆಂಡಿನಲ್ಲೂ ತನ್ನ ಉಪಾಯವೇ ಮಗನ ಕೈಹಿಡಿಯಿತೆಂದು ಒಬ್ಬೊಬ್ಬರಿಗೂ ವರದಿ. ಮಹಡಿಯಲ್ಲಿ ನಾನು ಇವರ ಮೇಲೆ ಹರಿಹಾಯ್ದೆ. “ನನ್ನ ತಲೆ ತಿಂದಿದ್ದೀರಲ್ಲ ಮದ್ದು, ಬಿಸಿ ಅಂತ. ಅದರಲ್ಲಿ ಒಂದು ಮಾತು ಅವರಿಗೆ ಹೇಳಕ್ಕಾಗಲ್ವಾ?”

“ಕೈಲ್ ಮುಹೂರ್ತದ ದಿನ ಕೋವಿ ಪೂಜೆ ಮುಗಿಸಿ ಅಪ್ಪ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆದಾಗೆಲ್ಲ, ತೋಟಾ ಕಾಯ್ದಿದ್ದು ಇವ್ಳು ಅಂತ ಎಲ್ಲರ ಮುಂದೆ ಅಮ್ಮನ್ನ ತೋರಿಸ್ತಿದ್ರು,” ಎಂದರು. ಅಷ್ಟೇ. ಇದೂ ಒಂದು ಉತ್ತರವೇ ಎಂದು ನಾನು ಮಗ್ಗುಲು ಬದಲಿಸಿ ಮಲಗಿದೆ.

ಇವತ್ತು ಮತ್ತೆ ಆಯ್ಕೆ. ಎರಡು ವರ್ಷ ನುಂಗಿಕೊಂಡಿದ್ದು ಸಾಕು, ಈ ಸಲ ಹೇಳಿಯೇ ಬಿಡುವುದೆಂದು ಅಡುಗೆಮನೆಗೆ ನುಗ್ಗಿದೆ. “ಅತ್ತೆ, ಒಂದು ವಿಷಯ,” ಎನ್ನುತ್ತಿದ್ದಂತೆ ನಮ್ಮವರು ಮೊಣಕೈ ಹಿಡಿದು ಬಾಗಿಲ ಬಳಿ ಎಳೆದುಕೊಂಡು ಹೋದರು.

“ಬಿಡೇ, ಏನೂ ಹೇಳ್ಬೇಡ. ಮದ್ದು ಬದಲಾಯಿಸಿದ್ದೀನಿ. ಇದು ಬೆಚ್ಚಗಾದ್ರೂ ಅಷ್ಟೇನೂ ವ್ಯತ್ಯಾಸ ಆಗಲ್ಲ.”

“ಸಾಧು ಮದ್ದಾ? ಅದು ಚದುರುತ್ತೆ ಅಂತಿದ್ರಲ್ಲ.”

“ಚದುರುತ್ತೆ,” ಎಂದು ಬಗ್ಗಿ ಬೂಟಿನ ದಾರ ಕಟ್ಟತೊಡಗಿದರು.

ಹೆತ್ತ ತಾಯಿಗೆ ಒಂದು ಮಾತು ಹೇಳುವುದರ ಬದಲು, ಈ ಮನುಷ್ಯ ತನ್ನ ಮುದ್ದಿನ ಮದ್ದನ್ನೇ ಬಿಟ್ಟು, ಹೊಸದನ್ನು ಮೊದಲಿನಿಂದ ಪಳಗಿಸಿಕೊಂಡಿದ್ದಾರೆ. ಈ ಸಲವೂ ಆಯ್ಕೆ ತಪ್ಪಿದರೆ ತಪ್ಪಲಿ ಎಂದುಕೊಂಡೇ. ಇಂಥವರ ಜೊತೆ ಸಂಸಾರ ಮಾಡುವುದು ಹೇಗೆ? ಬೈಯಬೇಕೆಂದು ಬಾಯಿ ತೆರೆದವಳು ಅವರ ಮಡಚಿದ ಕಾಲರ್ ಸರಿಮಾಡಿದೆ, ಅದಕ್ಕೂ ಸಿಟ್ಟು ಬಂತು.

ಅಷ್ಟರಲ್ಲಿ ಅತ್ತೆ ಚೀಲ ಹಿಡಿದು ಬಂದರು. “ನನ್ನ ಬೆರಳಲ್ಲಿ ಬಲ ಇಲ್ಲ ಮಗಳೇ, ಮುಚ್ಚಳ ಸರಿ ಕೂತಿದೆಯಾ ನೋಡು.”

ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದೆ. ಮುಟ್ಟಿ ನೋಡಿದರೆ ನೀರು ಆಗಲೇ ತುಸು ಆರಿತ್ತು. “ಇಷ್ಟು ಬಿಸಿ ಸಾಲದು ಅತ್ತೆ,” ಎಂದು ನಾನೇ ಮತ್ತೆ ಕೆಟಲ್ ಹಾಕಿದೆ.