ನಾಲ್ಕು ಬೆರಳು ಎತ್ತರವಾದ ಒಲೆಕಟ್ಟೆ

ಸಂಶಯಪಡುವುದರಲ್ಲಿ ನನ್ನನ್ನು ಮೀರಿಸುವ ಹೆಂಗಸು ಗಡಹಿಂಗ್ಲಜ ಪೇಟೆಯಲ್ಲಿ ಆಗ ಇನ್ನೊಬ್ಬಳಿರಲಿಲ್ಲ. ಹಾಲಿಗೆ ನೀರು ಬೆರೆತಿದೆಯೆಂದು ಗೌಳಗಿತ್ತಿಯ ಮುಖ ನೋಡಿಯೇ ಹೇಳುತ್ತಿದ್ದೆ. ಹಾಲು ಬಹಳ ಸಲ ಚೊಕ್ಕಟವಾಗಿಯೇ ಇರುತ್ತಿತ್ತು, ಆ ಮಾತು ಬೇರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನನ್ನನ್ನು ಎಷ್ಟು ಬಯ್ಯಬೇಕೆಂಬುದು ನಿಮಗೆ ಬಿಟ್ಟದ್ದು.

ನನ್ನ ತವರು ಮಹಾಗಾಂವ. ಕೊಟ್ಟದ್ದು ಗಡಹಿಂಗ್ಲಜದ ಬೆಲ್ಲದ ವ್ಯಾಪಾರದ ಮನೆಗೆ. ದೊಡ್ಡ ಯುದ್ಧ ನಡೆದಿದ್ದ ಕಾಲ. ಸೀಮೆಎಣ್ಣೆಗೂ ಸಾಲು ನಿಲ್ಲಬೇಕಿತ್ತು. ಮದುವೆಯಾದ ಮೂರನೆಯ ವರ್ಷ ತವರಿನಿಂದ ಬರುವಾಗ ಇಳಿಜಾರಿನಲ್ಲಿ ಚಕ್ಕಡಿ ಮಗುಚಿತು, ನನ್ನ ಬಲಮೊಣಕಾಲು ಗಾಲಿಯ ಕೆಳಗೆ ಸಿಕ್ಕಿತು. ಎಲುಬು ಕಟ್ಟುವವನು ಬಿದಿರಿನ ದಬ್ಬೆ ಇಟ್ಟು ಕಟ್ಟಿದ. ಎಲುಬು ಕೂಡಿತು, ಆದರೆ ಮೊಣಕಾಲು ಮಡಚಲಿಲ್ಲ. ನಡೆಯಬಲ್ಲೆ, ಇಡೀ ದಿನ ನಿಲ್ಲಬಲ್ಲೆ. ನೆಲದ ಮೇಲೆ ಕೂರಲಾರೆ.

ನಮ್ಮ ಅಡುಗೆಮನೆಯಲ್ಲಿ ನೆಲ ಬಿಟ್ಟು ಮೇಲೆ ಏನಿತ್ತು? ಒಲೆ ನೆಲದ ಮೇಲೆ, ಬೀಸುವ ಕಲ್ಲು ನೆಲದ ಮೇಲೆ, ರೊಟ್ಟಿ ಬಡಿಯುವ ಕೊಣಮಿಗೆಯೂ ನೆಲದ ಮೇಲೆ. ಒಲೆಯ ಮುಂದೆ ಕೂರಲಾರದ ಸೊಸೆ ಮನೆಗೆ ಯಾಕೆ ಬೇಕು? ಯಾರೂ ಎದುರಿಗೆ ಹೀಗೆ ಕೇಳಲಿಲ್ಲ. ಅತ್ತೆ ಮತ್ತೆ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಒಲೆ ಊದತೊಡಗಿದರು, ಮಾವ ಊಟಕ್ಕೆ ಕುಳಿತಾಗ ನಿಟ್ಟುಸಿರು ಬಿಡತೊಡಗಿದರು. ಇನ್ನೊಂದು ಮದುವೆ ಮಾಡುವುದು ಆಗ ದೊಡ್ಡ ಸಂಗತಿಯಲ್ಲ. ನಮ್ಮ ಮನೆಯವರು ಒಳ್ಳೆಯವರೇ, ಆದರೆ ಆ ಒಳ್ಳೆಯತನಕ್ಕೆ ಅಪ್ಪನ ಎದುರು ಬಾಯಿ ಬರುತ್ತಿರಲಿಲ್ಲ.

ಒಂದು ದಿನ ಅತ್ತೆ ಉತ್ತೂರಿಗೆ ಹೋಗಿ ಬಂದರು. ಎಮ್ಮೆ ನೋಡಲು ಎಂದರು. ಎಮ್ಮೆಯೂ ಬರಲಿಲ್ಲ, ಎಮ್ಮೆಯ ಸುದ್ದಿಯೂ ಬರಲಿಲ್ಲ. ಅವರ ಚೀಲದಲ್ಲಿ ಕುಪ್ಪಸದ ಹೊಸ ಖಣ, ತೆಂಗಿನಕಾಯಿ, ಎಲೆ ಅಡಿಕೆ ಇದ್ದವು. ಎಮ್ಮೆ ನೋಡಲು ಹೋದವರಿಗೆ ಯಾರಾದರೂ ಉಡಿ ತುಂಬಿ ಕಳಿಸುತ್ತಾರೆಯೇ? ನಾನು ಏನೂ ಕೇಳಲಿಲ್ಲ. ಕೇಳಿದರೆ ನಿಜ ಹೇಳಿಬಿಟ್ಟಾರೆಂಬ ಹೆದರಿಕೆ.

ಹದಿನೈದು ದಿನ ಕಳೆಯುವುದರೊಳಗೆ ಕೊಲ್ಲಾಪುರದಿಂದ ಒಬ್ಬ ಗವಂಡಿ ಬಂದ. ಕರೆಸಿದವರು ಪಕ್ಕದ ಮನೆಯ ಅಕ್ಕ. ಅವರು ಜೈನರು, ಕಾಳುಕಡಿಯ ವ್ಯಾಪಾರ, ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಅವರ ತವರು ಇಚಲಕರಂಜಿ. ಅಲ್ಲಿ ಅವರ ಅಣ್ಣ ಮಗ್ಗದಲ್ಲಿ ಮೇಲೆ ಬಂದು ಹೊಸ ಮನೆ ಕಟ್ಟಿಸಿದಾಗ ಇದೇ ಗವಂಡಿ ಕೆಲಸ ಮಾಡಿದ್ದನಂತೆ. ನಮ್ಮ ಅಡುಗೆಮನೆಯಲ್ಲಿ ಇವನಿಗೇನು ಕೆಲಸ? ಇಲಿಯ ಕಾಟ ಹೆಚ್ಚಾಗಿದೆ, ಕಾಳಿನ ಗಡಿಗೆ ಇಡಲು ಒಂದು ಕಟ್ಟೆ ಕಟ್ಟಿಸುತ್ತೇನೆ ಎಂದು ಅತ್ತೆ ಮಾವನಿಗೆ ಹೇಳಿದರು. ಮಾವ ನಂಬಿದರು. ಗಡಿಗೆಗಳೆಲ್ಲ ಮೊದಲಿನಿಂದಲೂ ಅಟ್ಟದ ಮೇಲಿವೆ, ನಾನು ಹೇಗೆ ನಂಬಲಿ?

ಅತ್ತೆ, ಅಕ್ಕ, ಗವಂಡಿ ಮೂವರೂ ಅಡುಗೆಮನೆಯಲ್ಲಿ ತಲೆಗೆ ತಲೆ ಹಚ್ಚಿ ನಿಲ್ಲುತ್ತಿದ್ದರು. ಗವಂಡಿ ಇದ್ದಿಲಿನಿಂದ ನೆಲದ ಮೇಲೆ ಗೆರೆ ಎಳೆಯುತ್ತಿದ್ದ, ಅಕ್ಕ ಕಾಲಿನಿಂದ ಒರೆಸಿ ಬೇರೆ ಕಡೆ ತೋರಿಸುತ್ತಿದ್ದರು, ಅತ್ತೆ ಎರಡನ್ನೂ ಬೇಡವೆಂದು ಮೂರನೆಯದನ್ನು ಹೇಳುತ್ತಿದ್ದರು. ನಾನು ಬಾಗಿಲಿಗೆ ಬಂದ ಕೂಡಲೇ ಮಾತು ಮರಾಠಿಗೆ ಹೊರಳುತ್ತಿತ್ತು. ಮಹಾಗಾಂವದವಳಿಗೆ ಮರಾಠಿ ಬರುವುದಿಲ್ಲವೆಂದು ತಿಳಿದಿದ್ದರೇನೋ! ಒಮ್ಮೆ ಅಕ್ಕ, ಅವಳು ನಿಂತೇ ಇರುತ್ತಾಳೆ, ಎಂದದ್ದು ನನ್ನ ಕಿವಿಗೆ ಬಿತ್ತು. ಉತ್ತೂರಿನವಳು ಒಲೆಯ ಮುಂದೆ ಯಜಮಾನಿಯಾಗಿ ಕೂರುತ್ತಾಳೆ, ನಾನು ಆಳಿನಂತೆ ಅವಳ ಹಿಂದೆ ನಿಂತೇ ಇರುತ್ತೇನೆ. ನನ್ನ ಲೆಕ್ಕ ಆಗ ಹೀಗೇ ಓಡಿತು.

ಮರುದಿನ ಮಧ್ಯಾಹ್ನ ಅಕ್ಕ ಎರಡು ದಾರ ಹಿಡಿದು ಬಂದರು. ಕುಪ್ಪಸ ಹೊಲಿಸುವುದಿದೆ, ನೆಟ್ಟಗೆ ನಿಲ್ಲು ಎಂದರು. ನಿಂತೆ. ಅವರು ಒಂದು ದಾರದ ತುದಿಯನ್ನು ನನ್ನ ಹಿಮ್ಮಡಿಯ ಕೆಳಗೆ ಇಟ್ಟು, ಮೇಲೆ ಎಳೆದು, ಮೊಣಕೈಗೆ ಬಂದಾಗ ಒಂದು ಗಂಟು ಹಾಕಿದರು. ಕೈ ಮುಂದೆ ಚಾಚಿಸಿ, ಇನ್ನೊಂದು ದಾರಕ್ಕೆ ಇನ್ನೊಂದು ಗಂಟು. ಯಾವ ಊರಿನ ಕುಪ್ಪಸಕ್ಕೆ ಹಿಮ್ಮಡಿಯಿಂದ ಅಳತೆ ತೆಗೆಯುತ್ತಾರೆ? ದಾರಗಳನ್ನು ಸುತ್ತಿ ಅವರು ಗವಂಡಿಯ ಕರಣೆ ತೂಗುಹಾಕಿದ್ದ ಗೂಟಕ್ಕೇ ಸಿಗಿಸಿ ಹೋದರು.

ನಮ್ಮ ಮಹಾಗಾಂವದ ಓಣಿಯಲ್ಲಿ ಮುದುಕಿಯರು ಒಂದು ಮಾತು ಆಡುತ್ತಿದ್ದರು. ಗೋಡೆ ನಿಲ್ಲದಿದ್ದರೆ ಗವಂಡಿಗಳು ಮನೆಗೆ ಬೇಡವಾದ ಒಬ್ಬರ ಮೈಯಳತೆಯನ್ನು ದಾರದಲ್ಲಿ ತೆಗೆದು ಬುಡದಲ್ಲಿ ಹೂಳುತ್ತಾರಂತೆ. ಗೋಡೆ ಗಟ್ಟಿಯಾಗುತ್ತದೆ, ಆ ಮನುಷ್ಯ ಕೊರಗಿ ಕೊರಗಿ ಹೋಗುತ್ತಾನೆ. ಚಿಕ್ಕಂದಿನಲ್ಲಿ ಕೇಳಿ ನಕ್ಕಿದ್ದೆ. ಆ ಮಧ್ಯಾಹ್ನ ನಗು ಬರಲಿಲ್ಲ. ಮನೆಗೆ ಬೇಡವಾದವಳು ಯಾರೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಗೂಟದ ಎದುರು ನಿಂತು ಸೆರಗು ಬಾಯಿಗೆ ತುರುಕಿಕೊಂಡು ಅತ್ತುಬಿಟ್ಟೆ. ಅತ್ತು ಮುಗಿಸಿದ ಮೇಲೆ ಸಿಟ್ಟು ಬಂತು. ಎಲ್ಲರೂ ಮಲಗಿದ್ದರು. ಉದ್ದ ದಾರ ಇಳಿಸಿ, ಹಲ್ಲಿನಿಂದ ಗಂಟು ಬಿಚ್ಚಿ, ನಾಲ್ಕು ಬೆರಳು ಮೇಲೆ ಹೊಸ ಗಂಟು ಬಿಗಿದೆ. ಈಗ ಅದು ನನ್ನ ಅಳತೆಯಲ್ಲ. ಯಾರನ್ನು ಬೇಕಾದರೂ ಹೂಳಿಕೊಳ್ಳಲಿ.

ಕಟ್ಟೆ ಎದ್ದಿತು. ಯುದ್ಧದಿಂದಾಗಿ ಸಿಮೆಂಟು ಸಿಗುತ್ತಿರಲಿಲ್ಲ, ಗವಂಡಿ ಸುಣ್ಣದ ಗಚ್ಚಿನಲ್ಲೇ ಕಟ್ಟಿದ. ಕಲ್ಲಿನ ಪ್ರತಿ ವರಸೆಗೂ ದಾರ ಇಳಿಬಿಟ್ಟು ನೋಡುತ್ತಿದ್ದ. ದಾರವನ್ನು ಹೂಳುವ ಲಕ್ಷಣ ಮಾತ್ರ ಕಾಣಲಿಲ್ಲ. ನನಗೆ ಅದೂ ಒಂದು ಸಂಶಯವೇ: ಕೊನೆಯ ದಿನ ಹೂಳುತ್ತಾನೆ. ಮೇಲೆ ಕರಿಕಲ್ಲಿನ ಹಾಸು ಕೂರಿಸಿದ. ಹಿಂದಿನ ಗೋಡೆಯಲ್ಲಿ ಹೊಗೆ ಹೋಗಲು ದಾರಿ ಕೊರೆದ, ಮಾಳಿಗೆಯಲ್ಲಿ ಬೆಳಕಿಂಡಿ ತೆಗೆದ. ಮಾವ ಹಣೆ ಗಂಟಿಕ್ಕಿದರು. ಕಾಳಿನ ಗಡಿಗೆಗೆ ಹೊಗೆಯ ದಾರಿ ಯಾಕೆ ಎಂದು ಅವರಿಗೂ ಅನ್ನಿಸಿರಬೇಕು. ಅಷ್ಟು ಹೊತ್ತಿಗೆ ಗೋಡೆ ಒಡೆದಾಗಿತ್ತು. ಗವಂಡಿಗೂ ಒಳಗೇ ಅಳುಕಿತ್ತು. ಇಂಥದನ್ನು ಕೊಲ್ಲಾಪುರದ ಒಂದು ಬಂಗಲೆಯಲ್ಲಿ, ಇಚಲಕರಂಜಿಯ ಒಂದು ಮನೆಯಲ್ಲಿ ಮಾಡಿದ್ದನೇ ಹೊರತು ನಮ್ಮಂಥ ತಗ್ಗು ಮಾಳಿಗೆಯ ಮನೆಯಲ್ಲಿ ಮಾಡಿರಲಿಲ್ಲ. ಹೊಗೆ ಒಳಕ್ಕೆ ತಿರುಗಿದರೆ ನಾನೇ ಬಂದು ಕಿತ್ತು ಹಾಕುತ್ತೇನೆ ಎಂದು ಅವನು ಎರಡು ಸಲ ಹೇಳಿದ. ಅಕ್ಕ, ತಿರುಗುವುದಿಲ್ಲ, ತಿರುಗಿದರೆ ತಪ್ಪು ನನ್ನದು ಎಂದರು.

ಗಚ್ಚು ಒಣಗಿದ ಮೇಲೆ ಒಂದು ಸೋಮವಾರ ಬೆಳಿಗ್ಗೆ ಅತ್ತೆ ಕಟ್ಟೆಯ ಮೇಲೆ ಹೊಸ ಒಲೆ ಇಟ್ಟು, ವಿಭೂತಿ ಹಚ್ಚಿ, ನನ್ನನ್ನು ಕರೆದರು. ಮಾವ, ನಮ್ಮ ಮನೆಯವರು, ಅಕ್ಕ, ಗವಂಡಿ ಎಲ್ಲರೂ ಅಲ್ಲೇ ಇದ್ದರು.

“ಬಾ, ನಿಂತ ಒಲಿ ಹಚ್ಚು,” ಎಂದರು ಅತ್ತೆ.

ನನಗೆ ಮೊದಲು ಅರ್ಥವೇ ಆಗಲಿಲ್ಲ. ಮಾವನಿಗೆ ನನಗಿಂತ ಬೇಗ ಅರ್ಥವಾಯಿತು. ನಿಂತು ಅಡುಗೆ ಮಾಡುವುದೆಂದರೇನು, ಬೀದಿಯ ಅಂಗಡಿಯೇ ಇದು ಎಂದು ಗದರಿದರು. ಅತ್ತೆ ಅವರ ಕಡೆ ತಿರುಗಲೂ ಇಲ್ಲ.

“ಒಂದ ಹೊತ್ತು ನಿಂತ ಮಾಡಿದ ರೊಟ್ಟಿ ತಿಂದ ನೋಡ್ರಿ. ಚಲೋ ಆಗಲಿಲ್ಲಂದ್ರ ಆಮ್ಯಾಗ ಉತ್ತೂರಿನ ಮಾತ ತಗೀರಿ.”

ಉತ್ತೂರಿನ ಸಂಬಂಧದ ಮಾತು ನಮ್ಮ ಮನೆಯಲ್ಲಿ ಮೊದಲ ಸಲ ಬಾಯಿಬಿಟ್ಟು ಬಂದದ್ದು ಆಗಲೇ. ಮಾವ ಗೋಡೆಗೆ ಒರಗಿ ಕುಳಿತು, ಆಗಲಿ, ಒಂದು ಹೊತ್ತು ಎಂದರು.

ಒಲೆ ಹಚ್ಚಿದೆ. ಹೊಗೆ ಒಂದು ಸಲ ಒಳಕ್ಕೆ ಹೊರಳಿ, ಯೋಚಿಸಿದಂತೆ ನಿಂತು, ಹಿಂದಿನ ದಾರಿಗೆ ಏರಿತು. ಅಕ್ಕ ಕೈ ಮುಗಿದರು. ನಾನು ಹಿಟ್ಟು ನಾದಿ ಕಲ್ಲಿನ ಮೇಲೆ ರೊಟ್ಟಿ ಬಡಿಯಲು ಹೊರಟೆ. ಜೋಳದ ರೊಟ್ಟಿಗೆ ಹೆಗಲಿನ ಭಾರ ಅಂಗೈಗೆ ಇಳಿಯಬೇಕು. ಕಟ್ಟೆ ನನ್ನ ಎದೆಯ ಕಡೆಗೆ ಬಂದಿತ್ತು; ಮೊಣಕೈ ಎತ್ತಿಕೊಂಡು ಬಡಿದರೆ ಭಾರವೇ ಇಳಿಯದು. ಮೊದಲ ರೊಟ್ಟಿ ಅಂಚಿನಲ್ಲಿ ಬಿರಿಯಿತು. ಎರಡನೆಯದು ಎತ್ತುವಾಗ ಹರಿದು ನೆಲಕ್ಕೆ ಬಿತ್ತು. ಮಾವ ಪಂಚೆ ಕೊಡವಿಕೊಂಡು ಎದ್ದರು. ನಮ್ಮ ಮನೆಯವರು ಬಾಗಿಲ ಹೊರಗೆ ನೋಡಿದರು.

ಗವಂಡಿ ಗಾಬರಿಯಾಗಿ ದಾರ ತಂದು ಕಟ್ಟೆಗೆ ಹಿಡಿದ. ಗಂಟು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಹಾಸಿನ ಅಂಚಿಗೆ ಬಂತು. ದೋರಿ ಬರೋಬರ ಇದೆ, ನನ್ನ ಕೆಲಸದಲ್ಲಿ ತಪ್ಪಿಲ್ಲ ಎಂದು ಅವನು ಅಕ್ಕನ ಮುಖ ನೋಡಿದ. ಎಲ್ಲರೂ ಅಕ್ಕನ ಮುಖ ನೋಡಿದರು. ಆಗ ನನಗೆ ಎಲ್ಲವೂ ತಿಳಿಯಿತು: ಹಿಮ್ಮಡಿ ಯಾಕೆ, ಮೊಣಕೈ ಯಾಕೆ, ನಿಂತೇ ಇರುತ್ತಾಳೆ ಎಂದದ್ದು ಯಾಕೆ. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಆದರೂ ಬಾಯಿ ತೆರೆಯಲಿಲ್ಲ. ಅಕ್ಕ ತಲೆ ತಗ್ಗಿಸಿ, ನನ್ನ ಗಂಟೇ ತಪ್ಪಿರಬೇಕು ಎಂದರು.

ಅತ್ತೆ ಗವಂಡಿಯ ಕೈಯಿಂದ ದಾರ ತೆಗೆದುಕೊಂಡರು. ಬೆರಳ ನಡುವೆ ಮೆಲ್ಲಗೆ ಎಳೆಯುತ್ತ ಹೋದವರು ಗಂಟಿಗಿಂತ ನಾಲ್ಕು ಬೆರಳು ಕೆಳಗೆ ನಿಂತರು. ಮೊದಲ ಗಂಟು ಬಿದ್ದಿದ್ದ ಜಾಗದಲ್ಲಿ ದಾರ ಇನ್ನೂ ಸೊಟ್ಟಗಿತ್ತು, ಹಲ್ಲಿಗೆ ಸಿಕ್ಕ ಎಳೆ ಎದ್ದಿತ್ತು. ಅವರು ನನ್ನತ್ತ ನೋಡಿದರು. ದಾರವನ್ನು ಮಡಚಿ ಒಲೆಗೆ ಹಾಕಿ, ಊಟದ ಪಡಸಾಲೆಗೆ ಹೋಗಿ ತಮ್ಮ ಮಣೆ ತಂದರು.

ಆ ಮಣೆ ಅವರ ತವರಿನಿಂದ ಮದುವೆಯಲ್ಲಿ ಬಂದದ್ದು. ಸಾಗವಾನಿಯದು, ನಾಲ್ಕೂ ಮೂಲೆಗೆ ಹಿತ್ತಾಳೆಯ ಹೂವು. ಅವರು ಬಿಟ್ಟು ಬೇರೆ ಯಾರೂ ಅದರ ಮೇಲೆ ಕೂರುವಂತಿರಲಿಲ್ಲ, ಕಾಲು ತಾಗಿದರೆ ಮುಟ್ಟಿ ನಮಸ್ಕರಿಸಬೇಕಿತ್ತು. ಅದನ್ನು ಕಟ್ಟೆಯ ಬುಡಕ್ಕೆ ಇಟ್ಟರು.

“ಹತ್ತು ಇದರ ಮ್ಯಾಲ.”

“ಅತ್ಯಾರ, ಉಣ್ಣೂ ಮಣಿ ಮ್ಯಾಲ ಕಾಲ ಹೆಂಗ ಇಡಲ್ರೀ?”

“ಇಡು ಅಂದೇನಿ.”

ಇಟ್ಟೆ. ನಾಲ್ಕು ಬೆರಳು ಮೇಲೆ ಬಂದೆ. ಮೂರನೆಯ ರೊಟ್ಟಿ ಕಲ್ಲಿನ ಮೇಲೆ ಗರಗರ ತಿರುಗಿ ಅಂಚಿನವರೆಗೂ ತೆಳ್ಳಗಾಯಿತು. ಕಣ್ಣೀರು ಹಿಟ್ಟಿಗೆ ಬೀಳದಂತೆ ತೋಳಿನಿಂದ ಒರೆಸಿಕೊಳ್ಳುತ್ತ ಹನ್ನೊಂದು ರೊಟ್ಟಿ ಬಡಿದೆ. ಮಾವ ಮೂರು ತಿಂದರು, ನಾಲ್ಕನೆಯದನ್ನು ಕೇಳಿ ಹಾಕಿಸಿಕೊಂಡರು. ಅವತ್ತಿನಿಂದ ಉತ್ತೂರಿನ ಹೆಸರು ಮಾವನ ಬಾಯಲ್ಲಿ ಬರಲಿಲ್ಲ.

ಎಲ್ಲರೂ ಹೋದ ಮೇಲೆ ಅತ್ತೆ ಮತ್ತು ನಾನು ಇಬ್ಬರೇ ಉಳಿದೆವು. ಯಾಕೆ ಗಂಟು ಬಿಚ್ಚಿದೆ ಎಂದು ಕೇಳಿದರು. ಗೋಡೆಯ ಬುಡದಲ್ಲಿ ಹೂಳುವ ಮಾತು ಹೇಳಿದೆ. ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ. ನನಗೆ ಮೊದಲೇ ಯಾಕೆ ಹೇಳಲಿಲ್ಲ ಎಂದು ನಾನೂ ಕೇಳಿದೆ. ಕಟ್ಟೆ ಕೆಟ್ಟರೆ ನೀನು ಎರಡು ಸಲ ಅಳಬೇಕಾಗುತ್ತಿತ್ತು ಎಂದರು. ಅವರೇ ಮುಂದುವರಿಸಿದರು.

“ನೀ ಸಂಶೆ ಪಟ್ಟದ್ದು ಸುಳ್ಳಲ್ಲ. ಉತ್ತೂರಿಗೆ ನಾ ಹುಡುಗೀನ್ನ ನೋಡಾಕ ಹೋಗಿದ್ನಿ. ಹುಡುಗಿ ಭಾಳ ಚಲೋ ಇದ್ಲು.”

“ಮತ್ತ ಯಾಕ ಬ್ಯಾಡಂದ್ರಿ?”

“ಒಳಗ ಹೊಗ್ಯಾಗ ಕುಂತು ಒಲಿ ಊದಾಕತ್ತಿದ್ಲು. ನೋಡಿದ್ನಿ. ನಾಳೆ ಈಕಿ ಮೊಣಕಾಲೂ ಹ್ವಾದ್ರ ಮತ್ತ ಯಾವೂರಿಗೆ ಹೋಗ್ಲಿ ಹುಡುಗಿ ನೋಡಾಕ, ಅನಿಸ್ತು.”

ಅಕ್ಕನಿಗೆ ನೀನೇ ಹೇಳಬೇಕು, ನಾನು ಹೇಳುವುದಿಲ್ಲ ಎಂದು ಎದ್ದರು. ಮರುದಿನ ಹೋಗಿ ಹೇಳಿದೆ. ಅಕ್ಕ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನದಿಂದ ಏನು ಕಟ್ಟಿದರೂ, ಕಾಳಿನ ಗಂಟಾಗಲಿ ಹೂವಿನ ಸರವಾಗಲಿ, ನನ್ನ ಮೂಗಿನ ಹತ್ತಿರ ಹಿಡಿದು, ನೋಡಿಕೊಳ್ಳವ್ವ, ಗಂಟು ಇಲ್ಲಿದೆ ಎಂದು ತೋರಿಸತೊಡಗಿದರು. ಸಾಯುವವರೆಗೂ ಬಿಡಲಿಲ್ಲ. ನಮ್ಮ ಓಣಿಯಲ್ಲಿ ಆಮೇಲೆ ಇನ್ನೂ ನಾಲ್ಕು ಮನೆಗಳಲ್ಲಿ ಅಂಥ ಕಟ್ಟೆಗಳಾದವು, ಅವುಗಳ ಎತ್ತರ ಸರಿಯಾಗಿದೆ.

ಅತ್ತೆ ಅವತ್ತಿನಿಂದ ಬರಿ ನೆಲದ ಮೇಲೆ ಕೂತು ಉಣ್ಣತೊಡಗಿದರು. ನನಗೆ ನೋಡಲಾಗುತ್ತಿರಲಿಲ್ಲ. ಬಡಿಗನ ಹತ್ತಿರ ಅದೇ ಮಾದರಿಯ ಹೊಸ ಮಣೆ ಮಾಡಿಸಿ, ಹಿತ್ತಾಳೆಯ ಹೂವನ್ನೂ ಹೊಡೆಸಿ ಅವರ ಮುಂದಿಟ್ಟೆ. ಅವರು ಅದನ್ನು ತಿರುಗಿಸಿ ನೋಡಿ, ಚೆನ್ನಾಗಿದೆ ಎಂದು ಹೇಳಿ, ಉಪ್ಪಿನಕಾಯಿಯ ಭರಣಿಯ ಕೆಳಗೆ ಇಟ್ಟರು.

“ನಂದು ನಿನ್ನ ಕಾಲಾಗ ಐತಲ್ಲ,” ಎಂದು ನೆಲದ ಮೇಲೆ ಕೂತು ತಾಟು ಹತ್ತಿರ ಎಳೆದುಕೊಂಡರು.