ಹಿಟ್ಟಿನ ಗೋದಾಮಿನ ಕಾವಲುಗಾರನ ತೂಕ

ಜಿಂಜಾ ಊರಿನ ಮಾರುಕಟ್ಟೆಯ ಹಿಂದೆ ಇನ್ನೂ ಮಬ್ಬುಗತ್ತಲೆ. ರಾತ್ರಿಪಾಳಿ ಮುಗಿಸಿದ ಕಾವಲುಗಾರ ಬಲಿಕೋವಾ ಮೆಕ್ಕೆಜೋಳದ ಹಿಟ್ಟಿನ ಗೋದಾಮಿನ ಬಾಗಿಲು ತೆಗೆದು, ಲಾರಿಗೆ ಹೋಗುವ ಮೂಟೆಗಳನ್ನು ತೂಗಿಸುತ್ತಾರೆ. ಆಮೇಲೆ ಬೂಟು ಬಿಚ್ಚಿ ತಾವೇ ತಕ್ಕಡಿ ಹತ್ತುತ್ತಾರೆ.

"ಮೂಟೇನೂ ಅಷ್ಟೇ, ಆಸಾಮೀನೂ ಅಷ್ಟೇ!" ತೂಕ ಕದಲಿಲ್ಲವೆಂದು ಹಮಾಲಿಗಳು ಕೂಗುತ್ತಾರೆ.

ಇದು ಶುರುವಾದದ್ದು ತಮಾಷೆಗಲ್ಲ. ನಮ್ಮೂರಲ್ಲಿ ಮೈ ತುಂಬಿದರೆ ಕೈ ತುಂಬಿದೆ ಎಂದೇ ಲೆಕ್ಕ. ವ್ಯಾಪಾರಿ ದಪ್ಪಗಾದರೆ ದೇವರ ದಯೆ, ಕಾವಲುಗಾರ ದಪ್ಪಗಾದರೆ? ಬಲಿಕೋವಾ ರಾತ್ರಿಪಾಳಿಗೆ ಬಂದ ಎರಡೇ ವರ್ಷದಲ್ಲಿ ಅಂಗಿಯ ಗುಂಡಿ ಕೂಡದಾಯಿತು. ಗೋದಾಮಿನ ಒಡತಿ ಕಗೋಯಾ ಎಲ್ಲರೆದುರೇ ಕೇಳಿದರು: "ನಿನ್ನ ಹೊಟ್ಟೆಗೆ ಯಾವ ಮೂಟೆ ಹೋಗ್ತಿದೆಯಪ್ಪಾ? ತಿಂಗಳೊಳಗೆ ಹೇಳು, ಇಲ್ಲಾ ಬೀಗದ ಕೈ ಇಟ್ಟು ಹೋಗು."

"ಮೂಟೇನೂ ತೂಗಿ, ನನ್ನೂ ತೂಗಿ ಅಂದೆ. ಇನ್ನೇನು ಹೇಳ್ಲಿ?" ಬಲಿಕೋವಾ ನೆನೆಯುತ್ತಾರೆ.

ತಿಂಗಳಿಡೀ ತೂಗಿದರು. ಹಿಟ್ಟಿನ ಲೆಕ್ಕ ತಪ್ಪಲಿಲ್ಲ, ಅವರು ಮಾತ್ರ ಎರಡು ಕಿಲೋ ಏರಿದ್ದರು. ಪೆಚ್ಚಾದ ಒಡತಿಯೇ ಚಿಕಿತ್ಸಾಲಯಕ್ಕೆ ಕರೆದೊಯ್ದರು. ಅಲ್ಲಿನ ನರ್ಸ್ ನಂಗೋಬಿ ಊಟಕ್ಕಿಂತ ಮೊದಲು ನಿದ್ದೆಯ ವಿಚಾರ ಕೇಳಿದರು. ಬಲಿಕೋವಾ ಅವರದು ತಗಡು ಹೊದಿಸಿದ ಒಂದು ಕೋಣೆ, ಪಕ್ಕದಲ್ಲೇ ವೆಲ್ಡಿಂಗ್ ಅಂಗಡಿ. ಹಗಲು ಮೂರು ಗಂಟೆ ಕಣ್ಣು ಮುಚ್ಚಿದರೆ ಹೆಚ್ಚು, ಅದೂ ತುಂಡು ತುಂಡು.

"ನಿದ್ದೆ ಕೆಟ್ರೆ ಹಸಿವು ಹುಟ್ಟಿಸೋ ಹಾರ್ಮೋನು ಜೋರಾಗುತ್ತೆ, ಸಾಕು ಅನ್ನೋ ಹಾರ್ಮೋನು ಮೆತ್ತಗಾಗುತ್ತೆ," ಎನ್ನುತ್ತಾರೆ ನಂಗೋಬಿ. "ಈ ಅಣ್ಣ ರಾತ್ರಿಯಿಡೀ ಸಕ್ಕರೆ ಚಹಾ, ಕರಿದ ಮರಗೆಣಸು ಅಂತ ಬಾಯಾಡಿಸ್ತಿದ್ದ. ನಿದ್ದೆಯೊಂದೇ ಕಾರಣ ಅಂತಲ್ಲ. ಆದ್ರೆ ಮೊದಲು ಅದನ್ನ ಸರಿಮಾಡಿ ಅಂದೆ."

ಎಲ್ಲಿ ಮಲಗುವುದು? ಹಗಲಲ್ಲೂ ತಂಪಾಗಿ, ಕತ್ತಲಾಗಿ, ಸದ್ದಿಲ್ಲದೆ ಇರುವ ಜಾಗ ಬಲಿಕೋವಾ ಅವರಿಗೆ ಗೊತ್ತಿದ್ದದ್ದು ಒಂದೇ: ಲಾರಿ ಹೋದ ಮೇಲೆ ಗೋದಾಮಿನೊಳಗಿನ ಹಿಂಭಾಗ. ಸಂಕೋಚದಿಂದಲೇ ಕೇಳಿದರು. ಕಳ್ಳನೆಂದು ಶಂಕಿಸಿದವನನ್ನು ಮೂಟೆಗಳ ನಡುವೆ ಒಬ್ಬನೇ ಬಿಡುವುದೇ? ಆದರೂ ಆ ವಾರವೇ ಕಗೋಯಾ ಚಾಪೆ ತಂದು ಹಾಸಿದರು.

"ಮಲಗು. ನಿನ್ನ ಗೊರಕೆಗೆ ಇಲಿ ಓಡಿಹೋದ್ರೆ ನನಗೂ ಲಾಭ."

ಈಗ ಆರೇಳು ಗಂಟೆ ನಿದ್ದೆ. ಮರಗೆಣಸಿನ ಪೊಟ್ಟಣ ಚಿಕ್ಕದಾಗಿದೆ. ತೂಕ ಏರುವುದು ನಿಂತಿದೆ; ಇಳಿಯುವುದು ನಿಧಾನ.

"ಇಳಿಯೋವಾಗ ಇಳೀಲಿ ಬಿಡಿ," ಎನ್ನುತ್ತಾ ಬಲಿಕೋವಾ ಕಾಲು ಚಾಚುತ್ತಾರೆ. "ಹಮಾಲಿಗಳು ಒಂದು ಮಾತು ಹೇಳಿದ್ರು. ನಾನು ಮಲಗಿದ್ದಾಗ ಕಗೋಯಾ ಅಮ್ಮ ಒಳಗೆ ಬಂದ್ರೆ, ಸದ್ದಾಗದ ಹಾಗೆ ಚಪ್ಪಲಿ ಕೈಲಿ ಹಿಡ್ಕೊಂಡು ಬರ್ತಾರಂತೆ."