ನಮ್ಮ ಅಂಗಡಿಯ ಹಮಾಲ

ಅಪ್ಪನ ಬೆನ್ನ ಮೇಲೆ, ಕುತ್ತಿಗೆಯ ಬುಡಕ್ಕೆ, ಅಂಗೈಯಷ್ಟು ಅಗಲ ಚರ್ಮ ಎಮ್ಮೆ ತೊಗಲಿನ ಹಾಗೆ ಜಡ್ಡುಗಟ್ಟಿತ್ತು. ಆಳಂದದಲ್ಲಿ ರೈತರ ಕಾಳು ಮಾರಿಸಿಕೊಡುವ ಅಡತಿ ಅಂಗಡಿಯೊಂದರಲ್ಲಿ ಅವನು ಹಮಾಲ. ಮೂವತ್ತು ವರ್ಷ ತೊಗರಿ ಚೀಲ ಹೊತ್ತ ಬೆನ್ನು ಅದು. ಎತ್ತುವ ಮುಂಚೆ ಚೀಲವನ್ನು ಎರಡು ಸಲ ತಟ್ಟಿ, "ಎರಡು ಕಿಲೋ ಕಮ್ಮಿ ಅದ ನೋಡ್ರಿ" ಅನ್ನುತ್ತಿದ್ದ. ತೂಗಿದರೆ ಅಷ್ಟೇ ಕಮ್ಮಿ ಇರುತ್ತಿತ್ತು. ನೆಲದ ಮೇಲೆ ಚೀಲ ಕಂಡರೆ ಅವನಿಗೆ ಸುಮ್ಮನಿರಲಾಗುತ್ತಿರಲಿಲ್ಲ. ಅವ್ವ ನಾನು ಸಣ್ಣವನಿದ್ದಾಗಲೇ ತೀರಿಕೊಂಡಿದ್ದಳು. ರೊಟ್ಟಿ ಬಡಿದು ಹಾಕಿ ಓದಿಸಿದವನೂ ಅವನೇ. "ನೀ ಪೆನ್ನಷ್ಟೇ ಎತ್ತು ಲೇ, ಉಳಿದದ್ದೆಲ್ಲಾ ನಾ ಎತ್ತತೇನಿ" ಅಂತಿದ್ದ.

ಎತ್ತಿದೆ. ಜೇವರ್ಗಿಯಲ್ಲಿ ಉಪನ್ಯಾಸಕನಾದೆ. ನಮ್ಮದೇ ಅಡತಿ ಅಂಗಡಿ ಅಂತ ಎಲ್ಲರ ಮುಂದೆ ಜಂಬ ಕೊಚ್ಚಿದೆ. ಎಂಥ ಖೋಡಿ ನಾನು!

ಅತನೂರಿನಿಂದ ಹೆಣ್ಣಿನ ಕಡೆಯವರು ಜೇವರ್ಗಿಯ ನನ್ನ ಮನೆ ನೋಡಲು ಬಂದ ದಿನ ಅಪ್ಪನಿಗೆ ಬಿಳಿ ಧೋತರ ಉಡಿಸಿ, "ಮಾತು ಕಮ್ಮಿ ಆಡು" ಅಂದಿದ್ದೆ. ಪಾಪ, ಹೂಂ ಅಂದಿದ್ದ. ಅವರು ಜೀಪಿನಲ್ಲಿ ಒಂದು ಚೀಲ ಜೋಳ ತಂದಿದ್ದರು. ಡ್ರೈವರ್ ಅದನ್ನು ಬಾಗಿಲಲ್ಲಿ ಇಳಿಸಿದ್ದೇ ತಡ, ನಾನು ಪರಿಚಯ ಮಾಡಿಸುವ ಮೊದಲೇ ಅಪ್ಪ ಟವೆಲ್ ಮಡಿಚಿ ಕುತ್ತಿಗೆಗೆ ಹಾಕಿ, ಚೀಲ ತಟ್ಟಿ, ಬೆನ್ನು ಕೊಟ್ಟುಬಿಟ್ಟ.

"ಇವ್ರು ಯಾರ್ರಿ?" ಹೆಣ್ಣಿನ ತಂದೆ ಕೇಳಿದರು.

"ನಮ್ಮ ಅಂಗಡಿ ಹಮಾಲ್ರಿ. ಅಪ್ಪ ತೀರ್ಕೊಂಡು ಎರಡು ವರ್ಷ ಆತು" ಅಂದೆ.

ಬಗ್ಗಿದ ಅಪ್ಪನ ಮುಖ ನನಗೆ ಕಾಣಲಿಲ್ಲ. "ಎಲ್ಲಿ ಇಳಸ್ಲಿ, ಸಾವ್ಕಾರ್ರ?" ಅಂದ. ಇಳಿಸಿ, ಹಿತ್ತಲ ಬಾಗಿಲಿಂದ ಹೋಗಿ ಊರಿನ ಬಸ್ಸು ಹತ್ತಿದ. ಮದುವೆಗೆ ಕರೆಯಲಿಲ್ಲ, ಕರೆಯುವುದಕ್ಕೆ ನನಗೆ ಮುಖ ಎಲ್ಲಿತ್ತು?

ಹೋದ ವರ್ಷ ಅವನಿಗೆ ಉಸಿರು ಹಿಡಿದಾಗ ಕಲಬುರಗಿಯ ದವಾಖಾನೆಗೆ ಸೇರಿಸಿದೆ. "ಹಳೇ ಹಮಾಲ" ಅಂದಿದ್ದಕ್ಕೆ ಹೆಂಡತಿ ಮರುಗಿ, ಗಂಜಿ ಮಾಡಿಕೊಂಡು ಜೊತೆಗೆ ಬಂದಳು. ನರ್ಸ್ ಕಾಗದ ಹಿಡಿದು, "ಪೇಷಂಟಿಗೆ ನೀವೇನಾಗ್ಬೇಕ್ರಿ?" ಅಂತ ನನ್ನನ್ನು ಕೇಳಿದಳು. ಈ ಸಲ ಹೇಳೇಬಿಡುತ್ತೇನೆ ಅಂತ ಬಾಯಿ ತೆರೆದಿದ್ದೆ, ದೇವರಾಣೆ. ಅಷ್ಟರಲ್ಲಿ ಅಪ್ಪ ನನ್ನ ಹೆಂಡತಿಯ ಕಡೆ ನೋಡಿ, ಏದುಸಿರಲ್ಲೇ, "ಸಂಬಂಧಿಕರಲ್ರಿ, ನಮ್ ಸಾವ್ಕಾರ್ರು. ಭಾಳ ಚಲೋ ಮಂದಿ" ಅಂದ.

ನಾನು ಬಾಯಿ ಮುಚ್ಚಿಕೊಂಡೆ. ಮೂರನೇ ದಿನ ಅವನು ಹೋದ.

"ಪಾಪ, ಅವರಿಗೆ ಮಕ್ಕಳಿರಲಿಲ್ಲೇನ್ರಿ?" ಹೆಂಡತಿ ಕಣ್ಣೊರೆಸಿಕೊಂಡು ಕೇಳಿದಳು.

"ಇಲ್ಲ" ಅಂದೆ.